ಕೂಡಿ ಮಾಡುವ ಕೆಲಸದಲ್ಲಿ ನಂಬಿಕೆಯೂ ಹೊಣೆಯೂ



ನಮ್ಮ ಶಾಲೆಯಲ್ಲಿ ಓದಿ ಹೋದ ಹೆಣ್ಣುಮಕ್ಕಳಲ್ಲಿ ಕೆಲವರು ಈಗ ಆಸ್ಪತ್ರೆಗಳಲ್ಲಿ ದಾದಿಯರಾಗಿಯೂ, ಕೆಲವರು ಉಪಾಧ್ಯಾಯಿನಿಯರಾಗಿಯೂ, ಕೆಲವರು ಬ್ಯಾಂಕುಗಳಲ್ಲಿಯೂ ಸ್ವಸಹಾಯ ಸಂಘಗಳಲ್ಲಿಯೂ ಕೆಲಸಮಾಡುತ್ತಿರುವರು. ಅವರು ಊರಿಗೆ ಬಂದು ನನ್ನೊಡನೆ ಮಾತಾಡುವಾಗ ಕೆಲಸವು ಕಷ್ಟವೆಂದು ದೂರುವದು ಕಡಿಮೆ. ಜೊತೆಯವರೊಡನೆ ಹೊಂದಿಕೆಯಿಲ್ಲವೆಂದು ದೂರುವದೇ ಹೆಚ್ಚು. ಓದುಬರಹಗಳನ್ನು ಕಲಿಸಿದ ನಾವು ಕೂಡಿ ಕೆಲಸಮಾಡುವದನ್ನು ಸಾಕಷ್ಟು ಕಲಿಸಲಿಲ್ಲವೋ ಏನೋ ಎಂದು ನನಗೆ ಅನಿಸುವದುಂಟು. ಆದದರಿಂದ ಉಳಿದುಹೋದ ಆ ಪಾಠವನ್ನು ಇಲ್ಲಿ ಬರೆಯುತ್ತೇನೆ.

೧. ಮಾತುಗಳ ಅರ್ಥ

ನಂಬಿಕೆಯೆಂದರೆ ಬರಿಯ ಸ್ನೇಹವಲ್ಲ. ಒಬ್ಬಳನ್ನು ಪ್ರೀತಿಸಿಯೂ ಅವಳ ಕೈಗೆ ಕೆಲಸವನ್ನೊಪ್ಪಿಸಲು ನಾವು ಹಿಂಜರಿಯಬಹುದು. ಇವಳು ತನ್ನ ಪಾಲಿನದನ್ನು ಮಾಡುವಳು, ಮಾಡಲಾಗದಿದ್ದರೆ ಸಮಯಕ್ಕೆ ತಿಳಿಸುವಳು ಎಂಬ ಭರವಸವೇ ಕೆಲಸದಲ್ಲಿನ ನಂಬಿಕೆ. ಹೊಣೆಯೆಂದರೆ ದಂಡನೆಗೆ ಗುರಿಯಾಗುವದಲ್ಲ. "ಇದು ನನ್ನ ಪಾಲು, ಇದಕ್ಕೆ ನಾನು ಉತ್ತರ ಹೇಳುವೆನು" ಎಂದು ಮುಂದೆ ಬರುವದು. ಈ ಎರಡೂ ಕೂಡಿದಲ್ಲಿ ಸಹಕಾರವು ತಾನಾಗಿ ಹುಟ್ಟುವದು. ಒಂದು ತಪ್ಪಿದರೂ ಅದು ನಿಲ್ಲಲಾರದು.

೨. ಬಿದರಿ ಪಾತ್ರೆಯ ಪಾಠ

ಇದಕ್ಕೆ ದೃಷ್ಟಾಂತವನ್ನು ಹುಡುಕಿಕೊಂಡು ನಾವು ದೂರ ಹೋಗಬೇಕಾಗಿಲ್ಲ. ನಮ್ಮ ಜಿಲ್ಲೆಯ ಮುಖ್ಯಪಟ್ಟಣವಾದ ಬೀದರಿನಲ್ಲಿ ಬಹುಕಾಲದಿಂದ ನಡೆದುಬಂದಿರುವ ಬಿದರಿ ಕೆಲಸವನ್ನು ನೀವೆಲ್ಲರೂ ಬಲ್ಲಿರಿ. ೨೦೦೬ರಲ್ಲಿ ಅದಕ್ಕೆ ಭೌಗೋಳಿಕ ಗುರುತು ದೊರೆಯಿತು. ೨೦೨೩ರಲ್ಲಿ ಆ ಕಲೆಯ ಹಿರಿಯರಾದ ಷಾ ರಶೀದ್ ಅಹ್ಮದ್ ಖಾದ್ರಿಯವರಿಗೆ ಪದ್ಮಶ್ರೀ ಪ್ರಶಸ್ತಿಯು ಬಂದಿತು.

ಕಪ್ಪು ಮೈಯ ಮೇಲೆ ಬೆಳ್ಳಿ ಹೊಳೆಯುವ ಈ ಪಾತ್ರೆಯು ಹಲವು ಹಂತಗಳನ್ನು ದಾಟಿ ಬರುವದು. ಮೊದಲು ಬಹುಪಾಲು ಸತುವಿಗೆ ಸ್ವಲ್ಪ ತಾಮ್ರವನ್ನು ಕೂಡಿಸಿ ಮರಳಿನ ಅಚ್ಚಿನಲ್ಲಿ ಎರಕ ಹೊಯ್ಯುವರು. ಬಳಿಕ ಅರದಿಂದ ಉಜ್ಜಿ ನಯಮಾಡಿ, ಗೆರೆಗಳು ಕಾಣುವಂತೆ ಮೈಲುತುತ್ತದಿಂದ ತಾತ್ಕಾಲಿಕವಾಗಿ ಕಪ್ಪುಮಾಡಿ ಚಿತ್ರವನ್ನು ಬರೆಯುವರು, ಉಳಿಯಿಂದ ಅದನ್ನು ಕೆತ್ತುವರು, ಕೆತ್ತಿದ ಸಂದಿನಲ್ಲಿ ಬೆಳ್ಳಿಯ ತಂತಿಯನ್ನೋ ತಗಡನ್ನೋ ಕೂಡಿಸಿ ಬಡಿಯುವರು, ಮತ್ತೆ ನಯಮಾಡುವರು. ಕಡೆಯಲ್ಲಿ ಬೀದರಿನ ಕೋಟೆಯ ಮಣ್ಣಿಗೆ ನವಸಾಗರವನ್ನು ಬೆರಸಿ ಕಾಯಿಸಿದ ನೀರಿನಲ್ಲಿ ಪಾತ್ರೆಯನ್ನು ಅದ್ದುವರು. ಆಗ ಸತುವಿನ ಮೈ ಶಾಶ್ವತವಾಗಿ ಕಪ್ಪಾಗುವದು. ಬೆಳ್ಳಿ ಮಾತ್ರ ಬೆಳ್ಳಗೇ ಉಳಿಯುವದು.

ಈ ಹಂತಗಳು ಸಾಮಾನ್ಯವಾಗಿ ಬೇರೆ ಬೇರೆ ಕೈಗಳಿಂದ ನಡೆಯುವವು. ಎರಕದಲ್ಲಿ ಒಂದು ಸಣ್ಣ ರಂಧ್ರವು ಉಳಿದಿದೆಯೆನ್ನೋಣ. ಕೆತ್ತುವವನು ಅದನ್ನು ಕಂಡೊಡನೆ ಹೇಳಿದರೆ ನಷ್ಟವಾಗುವದು ಸ್ವಲ್ಪ ಲೋಹ ಮಾತ್ರ. ಅದನ್ನು ಕರಗಿಸಿ ಮತ್ತೆ ಹೊಯ್ಯಬಹುದು. "ಅದು ನನ್ನ ಕೆಲಸವಲ್ಲ" ಎಂದು ಸುಮ್ಮನಿದ್ದರೋ, ಕೆತ್ತನೆಯವನ ದಿನಗಳೂ, ಬೆಳ್ಳಿಯೂ, ನಯಮಾಡಿದವನ ಶ್ರಮವೂ ಅದರ ಮೇಲೆ ಕೂಡುತ್ತ ಹೋಗುವವು. ಕಡೆಯ ಮಣ್ಣುನೀರು ಯಾರ ತಪ್ಪೆಂದು ಕೇಳುವದಿಲ್ಲ. ಇದ್ದ ತಪ್ಪನ್ನೆಲ್ಲ ತೋರಿಸಿಬಿಡುವದು. ಉಗುರಿನಿಂದ ಹೋಗುವದಕ್ಕೆ ಕೊಡಲಿಯನ್ನು ತಂದರೆಂಬ ಗಾದೆಯು ಸುಮ್ಮನೆ ಹುಟ್ಟಿದ್ದಲ್ಲ.

೩. ನಾನು ಮಾಡಿದ ತಪ್ಪು

ಪರರ ಕೆಲಸದ ಮಾತಾಯಿತು. ಇನ್ನು ನನ್ನದನ್ನು ಹೇಳದಿದ್ದರೆ ಈ ಪಾಠವು ಅಪ್ರಾಮಾಣಿಕವಾದೀತು. ಇಪ್ಪತ್ತು ವರುಷಗಳ ಹಿಂದೆ ಬೇರೊಂದು ಶಾಲೆಯಲ್ಲಿ ನಾನು ಹೊಸ ಉಪಾಧ್ಯಾಯಿನಿಯಾಗಿದ್ದೆನು. ವಾರ್ಷಿಕ ಪರೀಕ್ಷೆಯ ಅಂಕಗಳನ್ನು ಜೊತೆಯ ಉಪಾಧ್ಯಾಯಿನಿಯು ಓದುತ್ತಿದ್ದಳು, ನಾನು ಬರೆಯುತ್ತಿದ್ದೆನು. ಒಬ್ಬ ಹುಡುಗಿಯ ಗಣಿತದ ೫೩ ಅಂಕಗಳನ್ನು ನಾನು ೨೩ ಎಂದು ಬರೆದೆನು. ಪಟ್ಟಿಯನ್ನು ಶನಿವಾರ ಹೊರಗೆ ಅಂಟಿಸಿದರು. ಸೋಮವಾರ ಆ ಹುಡುಗಿಯ ತಂದೆಯು ಬಂದು, "ಓದಿದ್ದು ಸಾಕು, ಮನೆಯಲ್ಲಿರಲಿ" ಎಂದು ಹೇಳಿಹೋದನು. ಮಂಗಳವಾರ ಉತ್ತರಪತ್ರಗಳನ್ನು ಜೋಡಿಸುವಾಗ ನನ್ನ ತಪ್ಪು ನನಗೆ ತಿಳಿಯಿತು.

ನಾನು ಜೊತೆಯವಳನ್ನು ಕೇಳಲಾಗಿ ಅವಳು ತಲೆತಗ್ಗಿಸಿ, "ಬರೆಯುವಾಗಲೇ ನನಗೆ ಸಂದೇಹ ಬಂದಿತ್ತು. ಆದರೆ ಹಿಂದೊಮ್ಮೆ ತಪ್ಪನ್ನು ತೋರಿಸಿದಾಗ ನೀವು ಎಲ್ಲರ ಮುಂದೆ ಸಿಟ್ಟಾದಿರಿ" ಎಂದಳು. ಆ ಮಾತು ನನ್ನನ್ನು ಬಹಳ ನೋಯಿಸಿತು, ಯಾಕಂದರೆ ಅದು ನಿಜವಾಗಿತ್ತು. ಅಂಕಿಯನ್ನು ತಪ್ಪಿ ಬರೆದದ್ದು ಒಂದು ಕ್ಷಣದ ಅಜಾಗ್ರತೆ. ಅದನ್ನು ತಿದ್ದಬಹುದಾಗಿದ್ದವಳ ಬಾಯಿಯನ್ನು ಕಟ್ಟಿದ್ದು ನನ್ನ ಬಹುದಿನಗಳ ನಡತೆ.

ಆ ಸಾಯಂಕಾಲ ಹುಡುಗಿಯ ಹಳ್ಳಿಗೆ ಹೋಗಿ ಆಕೆಯ ತಂದೆತಾಯಿಗಳ ಮುಂದೆ ತಪ್ಪನ್ನೊಪ್ಪಿಕೊಂಡೆನು. ಹತ್ತು ದಿನಗಳ ಮೇಲೆ ಅವಳು ಶಾಲೆಗೆ ತಿರುಗಿ ಬಂದಳು. ಆದರೆ ಆ ವರುಷವೆಲ್ಲ ಗಣಿತದ ತರಗತಿಯಲ್ಲಿ ಅವಳು ಒಮ್ಮೆಯೂ ಕೈಯೆತ್ತಲಿಲ್ಲ. ಪಟ್ಟಿಯನ್ನು ತಿದ್ದುವದು ಸುಲಭವಾಯಿತು; ಅದನ್ನು ತಿದ್ದಲು ನನ್ನಿಂದಾಗಲಿಲ್ಲ.

೪. ಆಸ್ಪತ್ರೆಗಳಲ್ಲಿ ಕಂಡುಬಂದದ್ದು

ಈ ಸಂಗತಿಯನ್ನು ಪಂಡಿತರೂ ಪರೀಕ್ಷಿಸಿ ನೋಡಿರುವರು. ಅಮೇರಿಕದ ಆಮಿ ಎಡ್ಮಂಡ್ಸನ್ ಎಂಬ ವಿದುಷಿಯು ಆಸ್ಪತ್ರೆಗಳಲ್ಲಿ ಔಷಧ ಕೊಡುವಾಗ ಆಗುವ ತಪ್ಪುಗಳನ್ನು ಕುರಿತು ವಿಚಾರಿಸಿ ೧೯೯೬ರಲ್ಲಿ ಪ್ರಕಟಿಸಿದಳು. ಒಳ್ಳೆಯ ಹೊಂದಿಕೆಯುಳ್ಳ ತಂಡಗಳಲ್ಲಿ ತಪ್ಪುಗಳು ಕಡಿಮೆಯೆಂದು ಕಾಣಬಹುದೆಂದು ಅವಳು ಎಣಿಸಿದ್ದಳು. ಲೆಕ್ಕವು ಅದಕ್ಕೆ ವಿರೋಧವಾಗಿ ಬಂದಿತು. ಒಳ್ಳೆಯ ತಂಡದವರು ಹೆಚ್ಚು ತಪ್ಪುಗಳನ್ನು ಮಾಡುತ್ತಿದ್ದರೆಂದಲ್ಲ. ಆದ ತಪ್ಪುಗಳನ್ನು ಅವರು ಅಂಜದೆ ಹೇಳುತ್ತಿದ್ದರೆಂದು ಆಮೇಲೆ ತೋರಿಬಂದಿತು.

೨೦೦೮ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಶಸ್ತ್ರಚಿಕಿತ್ಸೆಗಾಗಿ ಒಂದು ಪುಟದ ಪರಿಶೀಲನಾ ಪಟ್ಟಿಯನ್ನು ಹೊರಡಿಸಿತು. ಕೊಯ್ಯುವದಕ್ಕೆ ಮುಂಚೆ ಎಲ್ಲರೂ ತಮ್ಮ ಹೆಸರನ್ನೂ ಕೆಲಸವನ್ನೂ ಹೇಳಿಕೊಳ್ಳಬೇಕು. ರೋಗಿ ಯಾರು, ಯಾವ ಸ್ಥಳದಲ್ಲಿ ಯಾವ ಚಿಕಿತ್ಸೆ ಎಂಬದನ್ನು ಗಟ್ಟಿಯಾಗಿ ಹೇಳಿ ಖಚಿತಪಡಿಸಿಕೊಳ್ಳಬೇಕು. ದೆಹಲಿಯದೂ ಸೇರಿ ಎಂಟು ನಗರಗಳ ಎಂಟು ಆಸ್ಪತ್ರೆಗಳಲ್ಲಿ ಇದನ್ನು ಪರೀಕ್ಷಿಸಿ ೨೦೦೯ರಲ್ಲಿ ವರದಿಮಾಡಿದಾಗ, ಸಾವುಗಳು ನೂರಕ್ಕೆ ೧.೫ರಿಂದ ೦.೮ಕ್ಕೂ, ತೊಡಕುಗಳು ೧೧ರಿಂದ ೭ಕ್ಕೂ ಇಳಿದಿದ್ದವು. ವೈದ್ಯನ ಮುಂದೆ ದಾದಿಯು ಬಾಯಿ ತೆರೆಯುವದು ಅವಿನಯವಲ್ಲ, ಅವಳ ಕರ್ತವ್ಯವೆಂದು ಆ ಪಟ್ಟಿಯು ಗೊತ್ತುಮಾಡಿತು.

೫. ರೂಢಿಮಾಡತಕ್ಕ ನಾಲ್ಕು ನಿಯಮಗಳು

ಮೊದಲನೆಯದು: ಕೆಲಸವನ್ನು ಆರಂಭಿಸುವಾಗಲೇ ಯಾರ ಪಾಲು ಯಾವದು, ಯಾವ ದಿನಕ್ಕೆ ಎಂಬದನ್ನು ಬರೆದಿಡಿರಿ. ಎಲ್ಲರದೆಂದು ಬಿಟ್ಟ ಕೆಲಸವು ಯಾರದೂ ಆಗದು.

ಎರಡನೆಯದು: ತಪ್ಪನ್ನು ಕಂಡ ದಿನವೇ, ಮಾಡಿದವಳಿಗೇ, ಏಕಾಂತದಲ್ಲಿ ಹೇಳಿರಿ. ಮೂರನೆಯವಳ ಮುಂದೆ ಹೇಳಿದರೆ ಅದು ಚಾಡಿಯಾಗುವದು.

ಮೂರನೆಯದು: ನಿಮ್ಮ ತಪ್ಪನ್ನು ತೋರಿಸಿದವಳಿಗೆ ಮೊದಲು ಉಪಕಾರ ಹೇಳಿರಿ, ಸಮಾಧಾನವನ್ನು ಆಮೇಲೆ ಹೇಳಬಹುದು. ಹಿರಿಯ ಸ್ಥಾನದಲ್ಲಿರುವವರಿಗೆ ಈ ನಿಯಮವು ಇಮ್ಮಡಿಯಾಗಿ ಸಲ್ಲುವದು.

ನಾಲ್ಕನೆಯದು: ಲೆಕ್ಕವನ್ನು ತೋರಿಸಲು ನಾಚಬೇಡಿರಿ, ಕೇಳಲೂ ನಾಚಬೇಡಿರಿ. ನಂಬಿಕೆಯಿದ್ದಲ್ಲಿ ಲೆಕ್ಕವೇಕೆಂದು ಕೇಳುವವರುಂಟು. ಸ್ವಸಹಾಯ ಸಂಘದ ಪುಸ್ತಕವನ್ನು ಸದಸ್ಯೆಯರೆಲ್ಲರ ಮುಂದೆ ಓದುವಲ್ಲಿ ಸಂದೇಹವು ಬೆಳೆಯಲು ಎಡೆಯಿಲ್ಲ. ಪುಸ್ತಕವು ಒಬ್ಬಳ ಪೆಟ್ಟಿಗೆಯಲ್ಲಿ ಅಡಗಿದಲ್ಲಿ ನಿರ್ದೋಷಿಯಾದವಳ ಮೇಲೆಯೂ ಅಪವಾದವು ಬರುವದು.

ಪಾಲಕರಿಗೆ ಒಂದು ಮಾತು. ಹಾಲು ಚೆಲ್ಲಿದ ಮಗು ತಾನಾಗಿ ಬಂದು ಹೇಳಿದರೆ, ಚೆಲ್ಲಿದ್ದಕ್ಕೆ ಬೈಯುವ ಮೊದಲು ಹೇಳಿದ್ದಕ್ಕೆ ಮೆಚ್ಚಿರಿ. ನಾಳೆ ಅದೇ ಮಗು ದಾದಿಯಾಗಿ ಯಾರದೋ ಹಾಸಿಗೆಯ ಬಳಿ ನಿಂತಾಗ ನೀವು ಕಲಿಸಿದ ಆ ಧೈರ್ಯವು ಒಂದು ಜೀವವನ್ನು ಉಳಿಸೀತು.

ನಾವೇ ವಿಚಾರಿಸಿಕೊಳ್ಳತಕ್ಕ ಪ್ರಶ್ನೆಗಳು

(೧) ನನ್ನ ಜೊತೆಯವರಲ್ಲಿ ನನ್ನ ತಪ್ಪನ್ನು ನನಗೆ ಹೇಳಲು ಧೈರ್ಯವುಳ್ಳವರು ಯಾರು?
(೨) ಕಡೆಯ ಸಲ ಒಬ್ಬರು ಹೇಳಿದಾಗ ನನ್ನ ಮುಖವು ಹೇಗಿತ್ತು?
(೩) ನಾನು ಕಂಡೂ ಸುಮ್ಮನಿದ್ದ ತಪ್ಪು ಈಗ ಯಾರ ಕೈಗೆ ಹೋಗಿದೆ?