ಹುತ್ತದ ಅಣಬೆಯನ್ನು ಗುರುತಿಸುವ ಕ್ರಮವೂ ವಿಷದ ಅಣಬೆಗಳ ವಿಷಯದಲ್ಲಿ ವಹಿಸತಕ್ಕ ಎಚ್ಚರಿಕೆಯೂ

ಮೃಗಶಿರಾ ಮಳೆ ಕಳೆದು ಆರಿದ್ರಾ ಮಳೆ ಹಿಡಿದು ನೆಲವು ಚೆನ್ನಾಗಿ ನೆನೆದ ಮೇಲೆ ರಾಣೆಬೆನ್ನೂರು, ಹಾವೇರಿ, ಬ್ಯಾಡಗಿ ಸೀಮೆಯ ಬದುಗಳಲ್ಲಿಯೂ ಗೋಮಾಳಗಳಲ್ಲಿಯೂ ಹುತ್ತಗಳ ಸುತ್ತಲೂ ಅಣಬೆಗಳು ಏಳತೊಡಗುವುವು. ಗುಡುಗಿನಿಂದ ಅಣಬೆ ಹುಟ್ಟುವುದೆಂದು ಹಿರಿಯರು ಹೇಳುವುದುಂಟು. ವಾಸ್ತವವಾಗಿ ಅದನ್ನು ಎಬ್ಬಿಸುವುದು ಗುಡುಗಿನೊಡನೆ ಬರುವ ಮಳೆಯ ತೇವ. ದನಕಾಯುವವರೂ ಮಕ್ಕಳೂ ಇವನ್ನು ಕಿತ್ತು ಮನೆಗೆ ತರುವರು. ರುಚಿಕರವಾದ ಪದಾರ್ಥವು ಖರ್ಚಿಲ್ಲದೆ ದೊರೆಯುವುದು ಸಂತೋಷದ ಸಂಗತಿಯೇ ಸರಿ. ಆದರೆ ಒಂದೇ ಬುಟ್ಟಿಯಲ್ಲಿ ತಿನ್ನತಕ್ಕದ್ದೂ ವಿಷದ್ದೂ ಬೆರೆತು ಬಂದರೆ ಮನೆಮಂದಿಯೆಲ್ಲರೂ ಒಂದೇ ಊಟದಿಂದ ಆಪತ್ತಿಗೆ ಗುರಿಯಾಗುವರು. ಆದುದರಿಂದ ಜಮೀನುದಾರರೂ ಊರಿನ ಮುಖಂಡರೂ ಈ ವಿಷಯವನ್ನು ತಾವು ತಿಳಿದುಕೊಂಡು ಇತರರಿಗೂ ತಿಳಿಸುವುದು ಅವಶ್ಯವಾಗಿದೆ.

ಈ ಪಾಠದ ಸಾರವಿಷ್ಟೆ: ವಿಷವನ್ನು ತೋರಿಸಿಕೊಡುವ ಅಡಿಗೆಮನೆಯ ಪರೀಕ್ಷೆ ಯಾವುದೂ ಇಲ್ಲ. ಒಂದು ಜಾತಿಯನ್ನು ಬುಡದಿಂದ ತುದಿಯವರೆಗೆ ಪೂರ್ತಿಯಾಗಿ ಬಲ್ಲವನು ಅದೊಂದನ್ನೇ ಕೀಳಬಹುದು, ಉಳಿದುವನ್ನು ಮುಟ್ಟಕೂಡದು.

೧. ಹುತ್ತಕ್ಕೂ ಅಣಬೆಗೂ ಇರುವ ಸಂಬಂಧ

ನಾವು ಕಾಣುವ ಅಣಬೆಯು ಶಿಲೀಂಧ್ರದ ಹಣ್ಣಿನಂತಹ ಭಾಗ. ಅದರ ನಿಜವಾದ ಶರೀರವು ಸಣ್ಣ ಬಿಳಿಯ ಎಳೆಗಳಾಗಿ ನೆಲದೊಳಗೆ ಇರುವುದು. ಗೆದ್ದಲುಗಳು ಒಣಗಿದ ಕಟ್ಟಿಗೆ, ಹುಲ್ಲು, ಕಸಗಳನ್ನು ತಿಂದು, ಹುತ್ತದೊಳಗೆ ಜೇನುಹುಟ್ಟಿನಂತೆ ರಂಧ್ರಗಳುಳ್ಳ ಗೂಡುಗಳನ್ನು ಕಟ್ಟುವುವು. ಆ ಗೂಡಿನ ಮೇಲೆ ಈ ಶಿಲೀಂಧ್ರವು ಬೆಳೆಯುವುದು; ಗೆದ್ದಲುಗಳು ಅದನ್ನು ಉಣ್ಣುವುವು. ಹೀಗೆ ಗೆದ್ದಲುಗಳೂ ಒಂದು ಬಗೆಯ ಒಕ್ಕಲುತನವನ್ನು ನಡೆಸುವುವು. ೧೯೪೨ರಲ್ಲಿ ಫ್ರಾನ್ಸ್ ದೇಶದ ರೋಜರ್ ಹೈಮ್ ಎಂಬ ಪಂಡಿತರು ಈ ಪಂಗಡಕ್ಕೆ ಟರ್ಮಿಟೋಮೈಸಿಸ್ ಎಂದು ಹೆಸರಿಟ್ಟರು.

೨. ನಂಬಕೂಡದ ಪರೀಕ್ಷೆಗಳು

ಬೆಳ್ಳಿಯ ನಾಣ್ಯವು ಕಪ್ಪಾಗದಿದ್ದರೆ ಅಣಬೆ ಒಳ್ಳೆಯದು. ಬೆಳ್ಳುಳ್ಳಿಯಾಗಲಿ ಅಕ್ಕಿಯಾಗಲಿ ಬಣ್ಣ ಬದಲಾಯಿಸದಿದ್ದರೆ ವಿಷವಿಲ್ಲ. ಹುಳ ತಿಂದುದನ್ನು ಮನುಷ್ಯನೂ ತಿನ್ನಬಹುದು. ಹುಣಿಸೆಹಣ್ಣು, ಉಪ್ಪು, ಅರಿಸಿನ ಹಾಕಿ ಕುದಿಸಿದರೆ ವಿಷವು ಇಳಿಯುವುದು. ಇವೆಲ್ಲವೂ ತಪ್ಪು ತಿಳಿವಳಿಕೆಗಳು. ಪ್ರಾಣಾಂತಕವಾದ ಅಣಬೆಯ ವಿಷವು ಕುದಿಸಿದರೂ ಒಣಗಿಸಿದರೂ ಹೋಗುವುದಿಲ್ಲ. ಬೆಳ್ಳಿಯನ್ನು ಕಪ್ಪಾಗಿಸುವುದೂ ಇಲ್ಲ. ಹುಳಗಳಿಗೆ ತಗಲದ ವಿಷವು ಮನುಷ್ಯನನ್ನು ಕೊಲ್ಲಬಲ್ಲುದು.

೩. ಹುತ್ತದ ಅಣಬೆಯ ಲಕ್ಷಣಗಳು

(ಅ) ಇದು ಹುತ್ತದ ಮೇಲೆ ಅಥವಾ ಗೆದ್ದಲುಗೂಡು ಇರುವ ನೆಲದ ಮೇಲೆ ಏಳುವುದು.
(ಆ) ಕೊಡೆಯ ನಡುವೆ ಮೊನೆಯಂತೆ ಎದ್ದ ಗಟ್ಟಿಯಾದ ಗುಬುಟು ಇರುವುದು. ಅದರ ಬಣ್ಣವು ಸಾಧಾರಣವಾಗಿ ಉಳಿದ ಭಾಗಕ್ಕಿಂತ ಕಂದು. ಕೊಡೆಯು ಅರಳುತ್ತ ಅಂಚಿನಲ್ಲಿ ಸೀಳುವುದು.
(ಇ) ಕೊಡೆಯ ಕೆಳಗೆ ಪುಸ್ತಕದ ಹಾಳೆಗಳಂತೆ ಸಾಲಾಗಿರುವ ಪದರಗಳು ಬಿಳುಪಾಗಿದ್ದು, ಬಲಿತ ಮೇಲೆ ನಸುಗೆಂಪಿನ ಛಾಯೆಗೆ ತಿರುಗುವುವು.
(ಈ) ಕಾಂಡವು ನಾರುನಾರಾಗಿ ಗಟ್ಟಿಯಾಗಿದ್ದು, ಬೇರಿನಂತೆ ಸಣ್ಣಗಾಗುತ್ತ ನೆಲದೊಳಗೆ ಇಳಿದು ಗೆದ್ದಲುಗೂಡನ್ನು ಮುಟ್ಟುವುದು. ಬುಡದಲ್ಲಿ ಚೀಲವಿರುವುದಿಲ್ಲ.

ಈ ನಾಲ್ಕೂ ಲಕ್ಷಣಗಳು ಒಟ್ಟಿಗೆ ಇರತಕ್ಕದ್ದು. ಒಂದು ತಪ್ಪಿದರೂ ಬಿಟ್ಟುಬಿಡಬೇಕು. ಕಾಂಡದ ಮೇಲಿನ ಉಂಗುರವು ಈ ಪಂಗಡದ ಕೆಲವು ಜಾತಿಗಳಲ್ಲಿ ಉಂಟು, ಕೆಲವದರಲ್ಲಿ ಇಲ್ಲ. ಆದುದರಿಂದ ಅದೊಂದರಿಂದಲೇ ನಿರ್ಣಯಿಸಕೂಡದು. ಗೆದ್ದಲುಗಳು ಹೊರಕ್ಕೆ ಹಾಕಿದ ಗೂಡಿನ ಚೂರುಗಳ ಮೇಲೆ ನೂರಾರಾಗಿ ಏಳುವ ಸಣ್ಣ ಅಣಬೆಯೂ ಇದೇ ಪಂಗಡದ್ದು. ಆದರೆ ಅದಕ್ಕೆ ಉದ್ದವಾದ ಬೇರಿಲ್ಲದಿರುವುದರಿಂದ ಹೊಸಬರು ಅದನ್ನು ಆರಿಸದಿರುವುದು ಲೇಸು.

ಅಣಬೆಯನ್ನು ಕೈಯಿಂದ ಎಳೆದು ಕೀಳುವುದು ದೊಡ್ಡ ತಪ್ಪು. ಎಳೆದರೆ ಒಳ್ಳೆಯದರ ಬೇರೂ ಮುರಿಯುವುದು, ವಿಷದ್ದರ ಚೀಲವೂ ಮಣ್ಣಿನಲ್ಲಿಯೇ ಉಳಿಯುವುದು. ಗುರುತು ಹೇಳುವ ಸಾಕ್ಷಿಯೇ ಇಲ್ಲವಾಗುವುದು. ಕಳೆ ತೆಗೆಯುವ ಕುರ್ಚಿಗೆಯಿಂದ ಬುಡವನ್ನು ಅಗೆದು ಪೂರ್ತಿಯಾಗಿ ತೆಗೆಯಬೇಕು. ಅರಳದ ಮೊಗ್ಗುಗಳನ್ನು ಹೊಸಬರು ಆರಿಸಕೂಡದು.

೪. ಮೋಸಗೊಳಿಸುವ ಎರಡು ಬಗೆಗಳು

ಮೊದಲನೆಯದು ಮಳೆಗಾಲದಲ್ಲಿ ಹುಲ್ಲುನೆಲಗಳಲ್ಲಿಯೂ ಗೊಬ್ಬರ ಬಿದ್ದ ಜಾಗಗಳಲ್ಲಿಯೂ ಏಳುವ ದೊಡ್ಡ ಬಿಳಿಯ ಅಣಬೆ. ಶಾಸ್ತ್ರದಲ್ಲಿ ಕ್ಲೋರೊಫಿಲಮ್ ಮಾಲಿಬ್ಡೈಟಿಸ್ ಎಂದು ಇದರ ಹೆಸರು. ಕೊಡೆಯು ನಾಲ್ಕರಿಂದ ಹತ್ತು ಅಂಗುಲ ಅಗಲವಾಗಿದ್ದು ಮೇಲೆ ಕಂದುಬಣ್ಣದ ಹೊಪ್ಪಳೆಗಳಿರುವುವು. ಕಾಂಡಕ್ಕೆ ಮೇಲೆ ಕೆಳಗೆ ಸರಿದಾಡುವ ಉಂಗುರವುಂಟು, ನೆಲಕ್ಕಿಳಿಯುವ ಬೇರಿಲ್ಲ. ಎಳೆಯದರಲ್ಲಿ ಬಿಳಿಯಾಗಿರುವ ಪದರಗಳು ಬಲಿತ ಮೇಲೆ ಹಸುರುಛಾಯೆಗೆ ತಿರುಗುವುವು. ತಿಂದವರಿಗೆ ಒಂದರಿಂದ ಮೂರು ಗಂಟೆಗಳೊಳಗೆ ಉಗ್ರವಾದ ವಾಂತಿಭೇದಿಯಾಗುವುದು.

ಎರಡನೆಯದು ಅಮಾನಿಟ ಪಂಗಡ. ಇವು ಮರಗಳ ಬೇರುಗಳೊಡನೆ ಕೂಡಿ ಬೆಳೆಯುವುವು. ಪಶ್ಚಿಮಘಟ್ಟದ ಕಾಡುಗಳಲ್ಲಿ ಈ ಪಂಗಡದ ಅನೇಕ ಜಾತಿಗಳುಂಟು. ಬಿಳಿಯ ಪದರಗಳು, ಬಹುಮಟ್ಟಿಗೆ ಕಾಂಡದ ಮೇಲೆ ಉಂಗುರ, ಬುಡದಲ್ಲಿ ಚೀಲ ಅಥವಾ ಗಡ್ಡೆ, ಇವೇ ಗುರುತುಗಳು. ಇವೆಲ್ಲವೂ ವಿಷವಲ್ಲವಾದರೂ, ಪ್ರಪಂಚದಲ್ಲಿ ಅಣಬೆಯಿಂದಾಗುವ ಮರಣಗಳಲ್ಲಿ ಹೆಚ್ಚಿನವಕ್ಕೆ ಈ ಪಂಗಡದವೇ ಕಾರಣ. ಪ್ರಾಣಾಂತಕವಾದ ಜಾತಿಯಾದರೆ ಒಂದೇ ಅಣಬೆಯು ಒಬ್ಬನ ಜೀವಕ್ಕೆ ಸಾಕು.

೫. ಪುಡಿಯ ಅಚ್ಚು ತೆಗೆಯುವ ವಿಧಾನ

ಅರಳಿದ ಅಣಬೆಯ ಕೊಡೆಯನ್ನು ಕತ್ತರಿಸಿ, ಅರ್ಧ ಬಿಳಿ ಅರ್ಧ ಕಪ್ಪು ಕಾಗದದ ಮೇಲೆ ಪದರಗಳು ಕೆಳಗಾಗುವಂತೆ ಇಟ್ಟು, ಬೋಗುಣಿಯನ್ನು ಮುಚ್ಚಿ ರಾತ್ರಿಯೆಲ್ಲ ಬಿಡಬೇಕು. ಬೆಳಗ್ಗೆ ಕಾಗದದ ಮೇಲೆ ಸಣ್ಣ ಪುಡಿಯ ಅಚ್ಚು ಮೂಡಿರುವುದು. ಹುತ್ತದ ಅಣಬೆಯ ಪುಡಿ ನಸುಗೆಂಪು; ಮೇಲೆ ಹೇಳಿದ ಮೊದಲನೆಯ ಅಣಬೆಯದು ಹಸುರು; ಅಮಾನಿಟದ್ದು ಬಿಳಿ. ಆದರೆ ನಸುಗೆಂಪು ಪುಡಿಯುಳ್ಳ ವಿಷದ ಅಣಬೆಗಳೂ ಇರುವುದರಿಂದ, ಅಚ್ಚು ಉಳಿದ ಲಕ್ಷಣಗಳಿಗೆ ಬೆಂಬಲವೇ ಹೊರತು ಅವುಗಳಿಗೆ ಬದಲಲ್ಲ.

೬. ಕಲಿಯತಕ್ಕ ಕ್ರಮ

ಕುತೂಹಲದಿಂದ ಅಣಬೆಗಳನ್ನು ಅರಿಯಬಯಸುವವರು ಮೊದಲನೆಯ ಮಳೆಗಾಲದಲ್ಲಿ ಒಂದನ್ನೂ ತಿನ್ನದೆ, ಕಂಡ ದಿನ, ಸ್ಥಳ, ಮಣ್ಣು, ಹತ್ತಿರದ ಮರ, ವಾಸನೆ, ಅಚ್ಚಿನ ಬಣ್ಣ, ಇಷ್ಟನ್ನು ಪುಸ್ತಕದಲ್ಲಿ ಬರೆದಿಡಲಿ. ಊರಿನಲ್ಲಿ ಬಹುಕಾಲದಿಂದ ಹುತ್ತದ ಅಣಬೆಯನ್ನು ಆರಿಸಿ ಬಲ್ಲವರ ಜೊತೆಯಲ್ಲಿ ಹೋಗಿ ನೆಲದಲ್ಲಿರುವಾಗಲೇ ನೋಡಿ ಕಲಿಯಲಿ. ಮೆಣಸಿನಕಾಯಿ, ಹತ್ತಿ ಹೊಲಗಳಲ್ಲಿ ಔಷಧ ಸಿಂಪಡಿಸಿದ ಜಾಗದ ಅಣಬೆಯನ್ನು ತರಕೂಡದು. ೧೯೭೪ರಲ್ಲಿ ಘೋಷಿತವಾದ ರಾಣೆಬೆನ್ನೂರಿನ ಕೃಷ್ಣಮೃಗ ಅಭಯಾರಣ್ಯದೊಳಗೆ ಅಪ್ಪಣೆಯಿಲ್ಲದೆ ಯಾವುದನ್ನೂ ಆರಿಸುವುದು ಕಾನೂನಿಗೆ ವಿರುದ್ಧವಾದುದು.

೭. ವಿಷವೇರಿದಾಗ ಮುಖಂಡರ ಕರ್ತವ್ಯ

ಅಣಬೆ ತಿಂದ ಮೇಲೆ ವಾಂತಿಭೇದಿಯಾದರೆ ಮನೆಮದ್ದಿನಲ್ಲಿ ಕಾಲ ಕಳೆಯದೆ, ೧೦೮ ವಾಹನವನ್ನು ಕರೆಸಿ ಆಸ್ಪತ್ರೆಗೆ ಕಳುಹಿಸತಕ್ಕದ್ದು. ಊಟವಾಗಿ ಆರು ಗಂಟೆ ಕಳೆದ ಮೇಲೆ ಆರಂಭವಾಗುವ ವಾಂತಿಭೇದಿಯು ಹೆಚ್ಚು ಭಯಂಕರವಾದುದು. ಅದು ಒಂದು ದಿನದ ಮೇಲೆ ನಿಂತು, ರೋಗಿಯು ಎದ್ದು ಕುಳಿತು, ಗುಣವಾಯಿತೆಂದು ಮನೆಯವರು ನಂಬುವರು. ಆ ಸಮಯದಲ್ಲಿಯೇ ವಿಷವು ಒಳಗೆ ಯಕೃತ್ತನ್ನು ಕೆಡಿಸುತ್ತಿರುವುದು. ಮೂರು ನಾಲ್ಕನೆಯ ದಿನ ಕಾಮಾಲೆ ತೋರಿ ಜೀವಕ್ಕೆ ಅಪಾಯವಾಗುವುದು. ಆದುದರಿಂದ ನಡುವಣ ಶಾಂತಿಯನ್ನು ನಂಬಿ ರೋಗಿಯನ್ನು ಆಸ್ಪತ್ರೆಯಿಂದ ಮನೆಗೆ ಕರೆತರಕೂಡದು. ಅದೇ ಅಡಿಗೆಯನ್ನು ಉಂಡವರೆಲ್ಲರನ್ನೂ, ಆರೋಗ್ಯವಾಗಿ ಕಾಣುವವರನ್ನೂ ಸಹ, ವೈದ್ಯರಿಗೆ ತೋರಿಸಬೇಕು. ಉಂಡ ಹೊತ್ತು, ಬಾಧೆ ತೊಡಗಿದ ಹೊತ್ತು ಬರೆದುಕೊಂಡು, ಉಳಿದ ಅಣಬೆಯನ್ನು ಕಾಗದದಲ್ಲಿ ಸುತ್ತಿ ಜೊತೆಯಲ್ಲಿ ಕಳುಹಿಸತಕ್ಕದ್ದು.

೮. ಹುತ್ತಗಳನ್ನು ಉಳಿಸುವ ವಿಚಾರ

ಹುತ್ತದ ಅಣಬೆಯನ್ನು ವ್ಯಾಪಾರಕ್ಕಾಗುವಷ್ಟು ಮನೆಯಲ್ಲಿ ಬೆಳೆಯುವುದು ಈವರೆಗೆ ಸಾಧ್ಯವಾಗಿಲ್ಲ. ಗೆದ್ದಲು ಹೋದರೆ ಅಣಬೆಯೂ ಹೋಯಿತು. ನಾಗರಪಂಚಮಿಯಂದು ಹಾಲೆರೆಯುವ ಹುತ್ತವನ್ನು ಮರುದಿನ ಕಾರಣವಿಲ್ಲದೆ ಅಗೆದು ವಿಷ ಸುರಿಯುವುದು ತಕ್ಕುದಲ್ಲ. ಬೆಳೆಗೆ ಬಾಧೆಯಾಗುವ ಕಡೆ ತಕ್ಕ ಉಪಾಯ ಮಾಡಲಿ. ಬದುವಿನಲ್ಲಿಯೂ ಗೋಮಾಳದಲ್ಲಿಯೂ ಬಾಧೆಯಿಲ್ಲದಿರುವ ಹುತ್ತಗಳನ್ನು ಉಳಿಸಲಿ. ಅಣಬೆಯನ್ನು ಬೆಳೆದೇ ಉಣ್ಣಬಯಸುವವರು ಭತ್ತದ ಹುಲ್ಲಿನಲ್ಲಿ ಚಿಪ್ಪಿನ ಅಣಬೆಯನ್ನು ಬೆಳೆಯಬಹುದು. ಈ ವಿಷಯವನ್ನು ರಾಣೆಬೆನ್ನೂರು ತಾಲ್ಲೂಕಿನ ಹನುಮನಮಟ್ಟಿಯಲ್ಲಿರುವ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಬಹುದು.

ನೆನಪಿನಲ್ಲಿಡತಕ್ಕ ಅಂಶಗಳು: ಅಗೆದು ತೆಗೆಯಿರಿ, ಎಳೆಯಬೇಡಿರಿ. ನಾಲ್ಕು ಲಕ್ಷಣಗಳೂ ಕೂಡಿದ್ದರೆ ಮಾತ್ರ ಆರಿಸಿರಿ. ಸಂದೇಹವಿದ್ದುದನ್ನು ಬುಟ್ಟಿಗೆ ಹಾಕಬೇಡಿರಿ. ಬಾಧೆ ತೋರಿದರೆ ಒಂದು ಗಳಿಗೆಯನ್ನೂ ಕಳೆಯಬೇಡಿರಿ. ಮಳೆ ಹಿಡಿಯುವುದಕ್ಕೆ ಮುಂಚೆ ಚಾವಡಿಯಲ್ಲಿ ಜನರನ್ನು ಕೂಡಿಸಿ ಈ ಪಾಠವನ್ನು ಓದಿ ಹೇಳಿಸುವುದು ಊರಿಗೆ ಕ್ಷೇಮಕರವಾದುದು.