ಕೆರೆಯ ದಂಡೆಯ ಗೌರಿ

ಶರನ್ನವರಾತ್ರಿಯ ಪೂಜೆ ಕಲಶಸ್ಥಾಪನೆಯಿಂದ ಮೊದಲಾಗುತ್ತದೆ. ದೇವಿಯ ಆವಾಹನೆಗೂ ಮುನ್ನ ನೀರು ತುಂಬಿದ ಪಾತ್ರೆ ಪೀಠವನ್ನೇರುತ್ತದೆ. ಗಂಗೆಯೇ ಮೊದಲಾದ ಏಳು ನದಿಗಳ ಹೆಸರು ಹೇಳಿ ಅವುಗಳ ಸಾನ್ನಿಧ್ಯವನ್ನು ಆ ನೀರಿನಲ್ಲಿ ಬೇಡಿಕೊಳ್ಳುವುದು ಸಂಪ್ರದಾಯ. ಹೈದರಾಬಾದಿನ ಕನ್ನಡಿಗರ ಮನೆಯ ಕಲಶಕ್ಕೆ ಬೀಳುವ ನೀರು ಎಲ್ಲಿಯದೆಂದು ವಿಚಾರಿಸಿದರೆ ಸ್ವಾರಸ್ಯವಾದ ಉತ್ತರ ದೊರೆಯುತ್ತದೆ. ಗೋದಾವರಿಯ ಉಪನದಿಯಾದ ಮಂಜೀರಾ ಬೀದರ್ ಜಿಲ್ಲೆಯನ್ನು ಹಾದು ಬಂದು, 1960ರ ದಶಕದಿಂದ ಈ ನಗರಕ್ಕೆ ನೀರುಣಿಸುತ್ತಿದೆ. ರಾಯಚೂರು ಸೀಮೆಯನ್ನು ದಾಟಿ ಬರುವ ಕೃಷ್ಣೆ ನಾಗಾರ್ಜುನಸಾಗರದ ಮೂಲಕ ನಗರದ ಕೊಳಾಯಿಗಳನ್ನು ಸೇರುತ್ತಾಳೆ. ಆದರೆ ಆ ಏಳು ಹೆಸರುಗಳಲ್ಲಿ ಕೃಷ್ಣೆಯೂ ಇಲ್ಲ, ಮಂಜೀರೆಯೂ ಇಲ್ಲ. ನಗರದ ನಡುವೆಯೇ ಹರಿಯುವ ಮೂಸಿಯಂತೂ ಇಲ್ಲವೇ ಇಲ್ಲ. ಶ್ಲೋಕವು ಹೇಳದೆ ಬಿಟ್ಟ ಊರ ನೀರನ್ನು ಪೂಜೆಗೆ ತಂದುಕೊಂಡವರು ತೆಲಂಗಾಣದ ಹೆಣ್ಣುಮಕ್ಕಳು. ಆ ಪೂಜೆಗೆ ಬತುಕಮ್ಮ ಎಂದು ಹೆಸರು.

ತೆಲುಗಿನ ಬತುಕು ಎಂದರೆ ಕನ್ನಡದ ಬದುಕು. ಹೆಸರಿನಲ್ಲಿಯೇ ಪ್ರಾರ್ಥನೆ ಅಡಗಿದೆ. ಮಹಾಲಯ ಅಮಾವಾಸ್ಯೆಯಂದು ಮೊದಲಾಗಿ ದುರ್ಗಾಷ್ಟಮಿಯಂದು ಮುಗಿಯುವ ಈ ಒಂಬತ್ತು ದಿನಗಳ ಉತ್ಸವದಲ್ಲಿ ಶಿಲೆಯ ವಿಗ್ರಹವಿಲ್ಲ, ಮಂತ್ರ ಹೇಳುವ ಪುರೋಹಿತರೂ ಬೇಕಿಲ್ಲ. ಗಂಡಸರು ಬಯಲಿನಿಂದ ಹೂ ತರುತ್ತಾರೆ. ಹೆಂಗಸರು ತಟ್ಟೆಯ ಮೇಲೆ ಎಲೆ ಹಾಸಿ, ಸುತ್ತಿನ ಮೇಲೆ ಸುತ್ತಾಗಿ, ಗೋಪುರದಂತೆ ಅದನ್ನು ಜೋಡಿಸುತ್ತಾರೆ. ತುದಿಯಲ್ಲಿ ಅರಿಸಿನದಿಂದ ಮಾಡಿದ ಪುಟ್ಟ ಗೌರಿ. 2014ರಲ್ಲಿ ತೆಲಂಗಾಣವು ಪ್ರತ್ಯೇಕ ರಾಜ್ಯವಾದಾಗ ಇದಕ್ಕೆ ರಾಜ್ಯದ ಹಬ್ಬವೆಂಬ ಮನ್ನಣೆ ದೊರೆಯಿತು.

ಹೂಗಳ ಆಯ್ಕೆ ಗಮನಿಸತಕ್ಕದ್ದು. ಮುಖ್ಯವಾದುದು ತಂಗೇಡು, ಕನ್ನಡದವರು ಇದನ್ನು ತಂಗಡಿ ಎಂದೂ ಆವರಿಕೆ ಎಂದೂ ಬಲ್ಲರು. ಬರಡು ನೆಲದಲ್ಲಿ ತಾನಾಗಿ ಬೆಳೆಯುವ ಈ ಗಿಡದ ತೊಗಟೆ ಚರ್ಮ ಹದಮಾಡಲು ಬಳಕೆಯಾಗುತ್ತಿತ್ತು. ಇನ್ನೊಂದು ಗುನುಗು, ಕೋಳಿಜುಟ್ಟಿನ ಜಾತಿಯದು. ರೈತನ ಕಣ್ಣಿಗೆ ಅದು ಹೊಲದ ಕಳೆ. ತೋಟದ ಮಲ್ಲಿಗೆ ಸಂಪಿಗೆಗಳಿಗೆ ಸಲ್ಲುವ ಅಗ್ರಪೂಜೆ ಇಲ್ಲಿ ಯಾರೂ ನೀರೆರೆಯದ ಗಿಡಗಳಿಗೆ ಸಂದಿದೆ. ಇವು ಅರಳುವುದು ಮಳೆಗಾಲದ ಕೊನೆಗೆ, ಅಂದರೆ ಕೆರೆಗಳು ತುಂಬಿ ನಿಂತಿರುವ ಕಾಲಕ್ಕೆ. ಬಯಲು ಮತ್ತು ಕೆರೆ ಎರಡೂ ಕ್ಷೇಮವಾಗಿದ್ದಲ್ಲದೆ ಈ ಪೂಜೆ ಸಾಗದು.

ಸಂಜೆ ಹೂವಿನ ಗೋಪುರಗಳನ್ನು ನಡುವೆ ಇರಿಸಿ, ಹೆಂಗಸರು ಸುತ್ತಲೂ ಚಪ್ಪಾಳೆ ತಟ್ಟುತ್ತ, ಬಾಗುತ್ತ ಏಳುತ್ತ ತಿರುಗುತ್ತಾರೆ. ಒಬ್ಬಳು ಹಾಡಿದುದಕ್ಕೆ ಉಳಿದವರೆಲ್ಲ ಉಯ್ಯಾಲೆಯನ್ನು ನೆನೆಯುವ ಪಲ್ಲವಿಯಿಂದ ಓಗೊಡುತ್ತಾರೆ. ಪುರಾಣದ ಕಥೆಗಳಿಗೂ ತವರಿನ ನೆನಪಿಗೂ ಅತ್ತೆಯ ಮನೆಯ ಕಷ್ಟಕ್ಕೂ ಆ ಹಾಡುಗಳಲ್ಲಿ ಒಂದೇ ಧಾಟಿ. ವೃತ್ತದಲ್ಲಿ ಮುಂದಿನ ಸಾಲು ಹಿಂದಿನ ಸಾಲು ಎಂಬುದಿಲ್ಲ. ಬಂದವರಿಗೆ ಜಾಗ ಮಾಡಿಕೊಡುವಾಗ ವೃತ್ತ ತುಸು ದೊಡ್ಡದಾಗುತ್ತದೆ, ಅಷ್ಟೆ. ಕೊನೆಗೆ ಬತುಕಮ್ಮನನ್ನು ಕೆರೆಯಲ್ಲಿ ತೇಲಿಬಿಡುತ್ತಾರೆ.

ಕನ್ನಡಿಗನಿಗೆ ಇಲ್ಲಿ ‘ಕೆರೆಗೆ ಹಾರ’ ನೆನಪಾಗದಿರದು. ಕಲ್ಲನಕೇರಿಯ ಮಲ್ಲನಗೌಡ ಕಟ್ಟಿಸಿದ ಕೆರೆಗೆ ನೀರು ಬಾರದೆ, ಕಿರಿಯ ಸೊಸೆ ಭಾಗೀರಥಿ ಬಲಿಯಾದ ಕಥೆ ಅದು. ಅಲ್ಲಿ ನೀರಿಗಾಗಿ ಬದುಕನ್ನೇ ತೆತ್ತದ್ದು. ಇಲ್ಲಿ ನೀರಿಗೆ ಹೂ ಕೊಟ್ಟು ಬದುಕನ್ನು ಬೇಡುವುದು. ಎರಡನ್ನೂ ಹಾಡಿಕೊಂಡು ಬಂದವರು ಹೆಂಗಸರೇ ಎಂಬುದು ಆಕಸ್ಮಿಕವಲ್ಲ. ಕೊಡ ಹೊತ್ತು ಕೆರೆಗೆ ನಡೆದವರು ಅವರೇ ತಾನೆ!

ನೀರು ತಾಯಿಯಾಗಿರುವಂತೆ ಮೃತ್ಯುವೂ ಆಗಬಲ್ಲುದೆಂಬುದನ್ನು ಹೈದರಾಬಾದು ನವರಾತ್ರಿಯಲ್ಲಿಯೇ ಕಂಡಿತು. 1908ರ ಸೆಪ್ಟೆಂಬರ್ 28, ಕೀಲಕ ಸಂವತ್ಸರದ ಆಶ್ವಯುಜ ಶುಕ್ಲದ ಮೊದಲ ದಿನಗಳು. ಮೂಸಿ ಉಕ್ಕಿ ನಗರದ ಬಹುಭಾಗವನ್ನು ಕೊಚ್ಚಿಹಾಕಿತು. ಹದಿನೈದು ಸಾವಿರ ಜನ ಸತ್ತರೆಂಬುದು ಸಾಮಾನ್ಯವಾಗಿ ಹೇಳುವ ಲೆಕ್ಕ. ಅಫ್ಜಲ್‌ಗಂಜಿನ ಒಂದು ಹುಣಿಸೆಮರ ತನ್ನ ಕೊಂಬೆಗಳನ್ನೇರಿದ ನೂರೈವತ್ತು ಜನರ ಪ್ರಾಣವನ್ನು ಉಳಿಸಿತೆಂದು ಪ್ರಸಿದ್ಧಿ. ಆರನೆಯ ನಿಜಾಮ ಮಹಬೂಬ್ ಅಲಿ ಖಾನರು ನದಿಯ ದಂಡೆಗೆ ಬಂದು, ಸೀರೆ, ಅರಿಸಿನ ಕುಂಕುಮಗಳನ್ನು ಅರ್ಪಿಸಿ ಮೂಸಿಯನ್ನು ಶಾಂತಗೊಳಿಸಿದರೆಂದು ಊರಿನ ಹಿರಿಯರು ಹೇಳಿಕೊಂಡು ಬಂದಿದ್ದಾರೆ. ಪ್ರಜೆಯ ದೇವತೆಗೆ ಅರಸನು ಕೈಮುಗಿದನೆಂಬ ಈ ಕಥೆಯನ್ನು ನಗರವು ಇಷ್ಟು ಕಾಲ ಕಾಪಾಡಿಕೊಂಡಿರುವುದೇ ಒಂದು ಶಾಂತಿಪಾಠ.

ಮರುವರ್ಷ, 1909ರಲ್ಲಿ, ಕಾರಣವನ್ನು ಶೋಧಿಸಲು ಬಂದವರು ಕನ್ನಡನಾಡಿನ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರು. ನಗರದಿಂದ ಮೇಲಕ್ಕೆ ಮೂಸಿಯ ಜಲಾನಯನದಲ್ಲಿ 788 ಕೆರೆಗಳಿದ್ದವು, ಹೆಚ್ಚು ಕಡಿಮೆ ಚದರ ಮೈಲಿಗೊಂದು. ಆ ಮಳೆಯಲ್ಲಿ ಅವುಗಳಲ್ಲಿ 221 ಒಡೆದಿದ್ದವು. ಒಂದು ಕೆರೆಯ ನೀರು ಕೆಳಗಿನ ಕೆರೆಯ ಮೇಲೆ ಬಿದ್ದು, ಅದೂ ಒಡೆದು, ಪ್ರವಾಹ ಇಮ್ಮಡಿಸುತ್ತ ಬಂದಿತ್ತು. ಊರ ಕೆರೆಯ ಏರಿ ಆ ಊರಿಗೆ ಮಾತ್ರ ಸಂಬಂಧಿಸಿದುದಲ್ಲ, ಕೆಳಗಿನ ಊರುಗಳ ಪ್ರಾಣವೂ ಅದರ ಮೇಲೆ ನಿಂತಿದೆ ಎಂಬ ಸತ್ಯ ಅಂಕಿಗಳಲ್ಲಿಯೇ ಸ್ಪಷ್ಟವಾಯಿತು. ನೆರೆಯನ್ನು ತಡೆದು ಹಿಡಿಯಲು ನಗರದ ಮೇಲ್ಭಾಗದಲ್ಲಿ ಜಲಾಶಯಗಳು ಬೇಕೆಂಬ ಅವರ ಸಲಹೆಯ ಫಲವಾಗಿ ಮೂಸಿಗೆ ಅಡ್ಡಲಾಗಿ 1920ರಲ್ಲಿ ಉಸ್ಮಾನ್ ಸಾಗರವೂ, ಈಸಿಗೆ ಅಡ್ಡಲಾಗಿ 1927ರಲ್ಲಿ ಹಿಮಾಯತ್ ಸಾಗರವೂ ಸಿದ್ಧವಾದವು. ಕೊಲ್ಲಲು ಬಂದ ನೀರೇ ಕುಡಿಯುವ ನೀರಾಯಿತು.

ಆದರೆ ಚಿಕ್ಕ ಕೆರೆಗಳ ಗತಿ ಬೇರೆಯಾಯಿತು. ನಗರ ಬೆಳೆದಂತೆ ಎಷ್ಟೋ ಕೆರೆಗಳ ಅಂಗಳದಲ್ಲಿ ಮನೆಗಳೆದ್ದವು, ಕಾಲುವೆಗಳು ಚರಂಡಿಗಳಾದವು. 2020ರ ಅಕ್ಟೋಬರ್ 13 ಮತ್ತು 14ರಂದು, ನವರಾತ್ರಿಗೆ ಮೂರು ದಿನ ಉಳಿದಿರುವಾಗ, ಮಹಾಮಳೆ ಸುರಿದು ಕೆರೆಗಳ ನೀರು ಬಡಾವಣೆಗಳಿಗೆ ನುಗ್ಗಿತು. ನೀರು ತನ್ನ ಹಳೆಯ ದಾರಿಯನ್ನು ಮರೆತಿರಲಿಲ್ಲ. ತಂಗಡಿ ಬೆಳೆಯುತ್ತಿದ್ದ ಬಯಲುಗಳೂ ಕರಗಿ, ಈಗ ಹಬ್ಬದ ಹೂ ಮಾರುಕಟ್ಟೆಯಿಂದ ಬರುತ್ತದೆ. ಬಿಳಿಯ ಗುನುಗಿಗೆ ಕೃತಕ ಬಣ್ಣ ಅದ್ದುವುದೂ ಉಂಟು. ಹತ್ತಿರದಲ್ಲಿ ಕೆರೆಯಿಲ್ಲದವರು ತಾತ್ಕಾಲಿಕ ತೊಟ್ಟಿಗಳಲ್ಲಿ ಬತುಕಮ್ಮನನ್ನು ಬಿಡುತ್ತಾರೆ. ಇದರಿಂದ ಭಕ್ತಿಗೆ ಊನವಿಲ್ಲವೆನ್ನಬಹುದು. ಆದರೆ ವರ್ಷಕ್ಕೊಮ್ಮೆಯಾದರೂ ಊರಿನ ಹೆಣ್ಣುಮಕ್ಕಳೆಲ್ಲ ಕೆರೆಯ ದಂಡೆಗೆ ಹೋಗಿ, ನೀರೆಷ್ಟಿದೆ, ಏರಿ ಹೇಗಿದೆ, ಮೆಟ್ಟಿಲು ಮುರಿದಿದೆಯೆ ಎಂದು ತಮ್ಮ ಕಣ್ಣಿಂದಲೇ ನೋಡಿ ಬರುತ್ತಿದ್ದರಲ್ಲ, ಆ ಲಾಭ ತೊಟ್ಟಿಯಿಂದ ದೊರೆಯುವುದಿಲ್ಲ.

ನಗರದ ನಡುವೆ ಉಳಿದಿರುವ ದೊಡ್ಡ ಕೆರೆ ಹುಸೇನ್ ಸಾಗರ. ಹದಿನಾರನೆಯ ಶತಮಾನದಲ್ಲಿ, ಇಬ್ರಾಹಿಂ ಕುತುಬ್ ಶಾಹನ ಆಳಿಕೆಯಲ್ಲಿ, ಸೂಫಿ ಸಂತ ಹುಸೇನ್ ಶಾಹ್ ವಲಿಯವರ ಮೇಲ್ವಿಚಾರಣೆಯಲ್ಲಿ ಕಟ್ಟಿದ್ದೆಂದು ಪ್ರತೀತಿ. ಕೆರೆಯ ನಡುವೆ 1992ರಲ್ಲಿ ನಿಲ್ಲಿಸಿದ ಏಕಶಿಲೆಯ ಬುದ್ಧ. ಕೊಳಚೆಯ ಬಾಧೆ ಈ ನೀರನ್ನೂ ಬಿಟ್ಟಿಲ್ಲ. ಆದರೂ ಕೊನೆಯ ದಿನದ ಸದ್ದುಲ ಬತುಕಮ್ಮನಂದು ಅದರ ಏರಿ ಹೂವಿನಿಂದ ತುಂಬುತ್ತದೆ. ವಿಸರ್ಜನೆಯಾದ ಮೇಲೆ ಹಂಚುವ ಪ್ರಸಾದ ಮಲೀದೆ: ರೊಟ್ಟಿಯನ್ನು ಪುಡಿಮಾಡಿ ಬೆಲ್ಲ ಬೆರೆಸಿದ್ದು. ಹೆಸರು ಪಾರಸಿಯಿಂದ ಬಂದುದು, ದರ್ಗಾಗಳ ನೈವೇದ್ಯದಲ್ಲಿಯೂ ಕೇಳಿಬರುವಂಥದು. ಉತ್ತರ ಕರ್ನಾಟಕದ ಮಾದಲಿಯನ್ನು ಉಂಡವರಿಗೆ ಅದರ ರುಚಿ ಹೊಸದೆನಿಸದು.