ಸ್ಥಳೀಯವಾಗಿ ತಯಾರಿಸಿದ ಡೀಸೆಲ್ ಟ್ಯಾಂಕಿಗೆ ಇಂಧನ ಕೊಳವೆಗಳ ಜೋಡಣೆ: ಸದಸ್ಯರು ಗಮನಿಸಬೇಕಾದ ಅಂಶಗಳು

(ಗ್ರಾಮ ಪಂಚಾಯತಿ ಸದಸ್ಯರ ಅಧ್ಯಯನಕ್ಕಾಗಿ)



ಕುಡಿಯುವ ನೀರಿನ ಪಂಪ್‌ಹೌಸಿನ ಡೀಸೆಲ್ ಜನರೇಟರಿನ ಮೂಲ ಟ್ಯಾಂಕ್ ತುಕ್ಕು ಹಿಡಿದಾಗ ಊರಿನ ವೆಲ್ಡಿಂಗ್ ಅಂಗಡಿಯಲ್ಲಿಯೇ ಹೊಸದನ್ನು ಮಾಡಿಸುವುದುಂಟು. ತಗಡಿನ ಪೆಟ್ಟಿಗೆಯನ್ನು ಮಾಡುವುದು ಕಷ್ಟವಲ್ಲ. ಅದಕ್ಕೆ ಕೊಳವೆಗಳನ್ನು ಜೋಡಿಸುವಲ್ಲಿ ತಪ್ಪುಗಳಾಗುತ್ತವೆ.

ಒಂದು ಅನುಭವ

ನಾನು ಹಿಂದೆ ಕಾರ್ಯನಿರ್ವಹಿಸುತ್ತಿದ್ದ ಪಂಚಾಯತಿಯಲ್ಲಿ ಬೇಸಿಗೆಯೊಂದರಲ್ಲಿ ಜನರೇಟರ್ ಇಪ್ಪತ್ತು ನಿಮಿಷ ಓಡಿ ನಿಲ್ಲುತ್ತಿತ್ತು. ಸ್ವಲ್ಪ ಹೊತ್ತು ಬಿಟ್ಟರೆ ಮತ್ತೆ ಚಾಲನೆಯಾಗುತ್ತಿತ್ತು. ಇಂಧನ ಪಂಪಿನ ದುರಸ್ತಿಗೆ ಹಣ ಪಾವತಿಸಿದ ಬಳಿಕವೂ ದೋಷ ಹೋಗಲಿಲ್ಲ. ಕೊನೆಗೆ ನೀರುಗಂಟಿಯವರು ಟ್ಯಾಂಕಿನ ಮುಚ್ಚಳವನ್ನು ಸಡಿಲಿಸಿದೊಡನೆ ಎಂಜಿನ್ ನಿಲ್ಲದೆ ಓಡಿತು. ಹೊಸ ಟ್ಯಾಂಕಿಗೆ ಗಾಳಿಕೊಳವೆಯನ್ನೇ ಇಟ್ಟಿರಲಿಲ್ಲ. ಡೀಸೆಲ್ ಖರ್ಚಾದಂತೆ ಒಳಗೆ ನಿರ್ವಾತ ಉಂಟಾಗಿ ಇಂಧನದ ಹರಿವು ನಿಲ್ಲುತ್ತಿತ್ತು.

ಇರಬೇಕಾದ ನಾಲ್ಕು ಸಂಪರ್ಕಗಳು

1. ಹೊರಹರಿವಿನ ಕೊಳವೆ: ಇದರ ಬಾಯಿ ಟ್ಯಾಂಕಿನ ತಳಕ್ಕಿಂತ ಸುಮಾರು 25 ಮಿ.ಮೀ. ಮೇಲಿರಬೇಕು. ತಳದಲ್ಲಿ ಶೇಖರವಾಗುವ ನೀರು ಮತ್ತು ಕೆಸರು ಆಗ ಎಂಜಿನ್ನಿಗೆ ಹೋಗವು. ಕೊಳವೆಯು ಟ್ಯಾಂಕಿನ ಪಕ್ಕದಿಂದ ಹೊರಟಿದ್ದರೆ ಟ್ಯಾಂಕಿನ ಬುಡದಲ್ಲಿಯೇ ಒಂದು ವಾಲ್ವ್ ಕಡ್ಡಾಯ. ಇಲ್ಲವಾದರೆ ಮುಂದೆಲ್ಲೋ ಪೈಪು ಹರಿದರೂ ಡೀಸೆಲ್ ನೆಲದ ಪಾಲಾಗುತ್ತದೆ.

2. ಮರಳುವ ಕೊಳವೆ: ಎಂಜಿನ್ ಬಳಸದೆ ಹಿಂದಿರುಗಿಸುವ ಡೀಸೆಲ್ ಬಿಸಿಯಾಗಿದ್ದು ಗಾಳಿಗುಳ್ಳೆಗಳನ್ನು ಹೊತ್ತು ತರುತ್ತದೆ. ಆದುದರಿಂದ ಇದನ್ನು ಹೊರಹರಿವಿನ ಬಾಯಿಯಿಂದ ದೂರದಲ್ಲಿ ಜೋಡಿಸಬೇಕು.

3. ಗಾಳಿಕೊಳವೆ: ಟ್ಯಾಂಕಿನ ಮೇಲ್ಭಾಗದಲ್ಲಿದ್ದು, ಮಳೆನೀರು ಮತ್ತು ಧೂಳು ಸೇರದಂತೆ ಅದರ ಬಾಯಿ ಕೆಳಮುಖವಾಗಿ ಬಾಗಿರಬೇಕು.

4. ಕೆಸರು ತೆಗೆಯುವ ಬಿರಡೆ: ತಳದ ಅತ್ಯಂತ ತಗ್ಗಿನ ಸ್ಥಳದಲ್ಲಿರಬೇಕು.

ಸಾಮಗ್ರಿ

ಸತುವಿನ ಲೇಪವುಳ್ಳ ಜಿ.ಐ. ತಗಡು ಮತ್ತು ಜಿ.ಐ. ಪೈಪುಗಳನ್ನು ಡೀಸೆಲ್‌ಗೆ ಬಳಸಬಾರದು. ಸತುವು ಡೀಸೆಲಿನೊಡನೆ ವರ್ತಿಸಿ ಫಿಲ್ಟರ್ ಕಟ್ಟುವಂತೆ ಮಾಡುತ್ತದೆ. ತೋಟಕ್ಕೆ ನೀರು ಹಾಯಿಸುವ ಪೈಪು ಡೀಸೆಲ್‌ಗೆ ತಾಳದೆ ಕೆಡುತ್ತದೆ. ಇಂಧನಕ್ಕೆಂದೇ ತಯಾರಾದ ರಬ್ಬರ್ ಹೋಸ್ ಬೇಕು. ತಂತಿ ಸುತ್ತಿ ಬಿಗಿಯುವುದನ್ನು ಬಿಟ್ಟು ಸ್ಕ್ರೂ ಕ್ಲಾಂಪ್ ಬಳಸಬೇಕು. ಎಂಜಿನ್ ಅದುರುವುದರಿಂದ ಟ್ಯಾಂಕಿಗೂ ಎಂಜಿನ್ನಿಗೂ ನಡುವೆ ಸ್ವಲ್ಪ ಭಾಗವಾದರೂ ಬಾಗುವ ಹೋಸ್ ಇರಲೇಬೇಕು. ಅದು ಸೈಲೆನ್ಸರಿನಿಂದ ದೂರವಿರಬೇಕು.

ತೊಟ್ಟಿಕ್ಕದ ಸೋರಿಕೆಯೂ ಉಂಟೆಂಬುದನ್ನು ಗಮನಿಸಬೇಕು. ಪಂಪ್ ಇಂಧನವನ್ನು ಎಳೆದುಕೊಳ್ಳುವ ಭಾಗದಲ್ಲಿ ಜೋಡಣೆ ಸಡಿಲವಾಗಿದ್ದರೆ ಡೀಸೆಲ್ ಹೊರಬಾರದೆ ಗಾಳಿಯೇ ಒಳಸೇರಬಹುದು. ಹೊರಗೆ ಎಲ್ಲವೂ ಒಣಗಿದಂತೆ ಕಂಡರೂ ಎಂಜಿನ್ ತಡವರಿಸುತ್ತದೆ.

ಬೆಸುಗೆಯ ಅಪಾಯ

ಮೇಲಿನ ಪ್ರಕರಣದಲ್ಲಿ ಗಾಳಿಕೊಳವೆಯನ್ನು ಬೆಸೆಯಲು ಬಂದವರು ಡೀಸೆಲ್ ಖಾಲಿ ಮಾಡಿದ್ದೇವೆಂದು ಟ್ಯಾಂಕಿಗೇ ವೆಲ್ಡಿಂಗ್ ಹಿಡಿಯಲು ಮುಂದಾಗಿದ್ದರು. ನೀರುಗಂಟಿಯವರು ತಡೆಯದಿದ್ದಲ್ಲಿ ಆ ದಿನ ಜೀವಹಾನಿಯೇ ಆಗಬಹುದಿತ್ತು. ಖಾಲಿ ಟ್ಯಾಂಕ್ ಸುರಕ್ಷಿತವೆಂಬುದು ತಪ್ಪು ಕಲ್ಪನೆ. ಒಳಗೆ ಅಂಟಿರುವ ಡೀಸೆಲ್ ಬೆಸುಗೆಯ ಬಿಸಿಗೆ ಆವಿಯಾಗಿ, ಗಾಳಿಯೊಡನೆ ಬೆರೆತು ಸ್ಫೋಟಿಸಬಲ್ಲುದು. ನಂತರ ನಾವು ಮುಚ್ಚಳವನ್ನಷ್ಟೇ ಕಳಚಿ, ತೊಳೆದು, ದೂರದಲ್ಲಿ ಅದಕ್ಕೆ ಕೊಳವೆ ಕೂರಿಸಿದೆವು. ಎಲ್ಲ ಬೆಸುಗೆಯೂ ಡೀಸೆಲ್ ತುಂಬುವ ಮುನ್ನವೇ ಮುಗಿದಿರಬೇಕು; ಹೊಸ ಟ್ಯಾಂಕಿಗೆ ನೀರು ತುಂಬಿಸಿ ಸೋರಿಕೆಯನ್ನು ಪರೀಕ್ಷಿಸಿ, ಪೂರ್ಣವಾಗಿ ಒಣಗಿಸಿ ಬಳಸಬೇಕು.

ವಾಹನಗಳಿಗೆ ಸಂಬಂಧಿಸಿದಂತೆ

ಮೇಲಿನ ವಿಧಾನವನ್ನು ಪಂಚಾಯತಿಯ ಟ್ರ್ಯಾಕ್ಟರ್ ಅಥವಾ ಕಸದ ವಾಹನಕ್ಕೆ ಅನ್ವಯಿಸಬಾರದು. ನೋಂದಾಯಿತ ವಾಹನಗಳ ಮಾರ್ಪಾಡನ್ನು ಮೋಟಾರು ವಾಹನಗಳ ಅಧಿನಿಯಮ, 1988ರ ಪ್ರಕರಣ 52 ನಿರ್ಬಂಧಿಸುತ್ತದೆ. ಅವುಗಳಿಗೆ ತಯಾರಕರ ಮೂಲ ಟ್ಯಾಂಕನ್ನೇ ಖರೀದಿಸತಕ್ಕದ್ದು.

ಬಿಲ್ಲಿಗೆ ಒಪ್ಪಿಗೆ ನೀಡುವ ಮುನ್ನ

ನಾಲ್ಕೂ ಸಂಪರ್ಕಗಳಿವೆಯೇ? ವಾಲ್ವ್ ಕೈಗೆಟಕುವಂತಿದೆಯೇ? ಹೋಸ್ ಇಂಧನಕ್ಕೆ ತಕ್ಕುದೇ? ಪೂರ್ಣ ಭಾರದಲ್ಲಿ ಒಂದು ಗಂಟೆ ಮುಚ್ಚಳ ಬಿಗಿದೇ ಓಡಿಸಿ ನೋಡಲಾಗಿದೆಯೇ? ಈ ಪ್ರಶ್ನೆಗಳನ್ನು ಕೇಳಲು ತಾಂತ್ರಿಕ ಪದವಿ ಬೇಕಿಲ್ಲ. ಸದಸ್ಯರು ಪಂಪ್‌ಹೌಸಿಗೆ ಒಮ್ಮೆ ಖುದ್ದಾಗಿ ಭೇಟಿ ನೀಡಿದರೆ ಸಾಕು.

– ಪಂಚಾಯತಿ ಅಭಿವೃದ್ಧಿ ಅಧಿಕಾರಿ